ಮರಸೇಬಿನ ಸೀಸೆ

ಆ ಗುರುವಾರ ಬೆಳಿಗ್ಗೆ ಬೆಥೆಲ್ ಗ್ರೋವ್ ಊರು ಮಂಜಿನಲ್ಲಿ ಮುಳುಗಿಹೋಗಿತ್ತು. ದೇವರು ಲೋಕವನ್ನು ಹೊಸದಾಗಿ ಬರೆಯೋಣವೆಂದು ಸ್ಲೇಟು ಒರೆಸಿ, ಬರೆಯುವ ಮುಂಚೆ ಒಂದು ಗಳಿಗೆ ಯೋಚಿಸುತ್ತ ಕೂತಂತಿತ್ತು. ಜೋಳ ತುಂಬುವ ಎತ್ತರದ ಕಣಜ ಕಾಣದು, ಚರ್ಚಿನ ಬಿಳಿ ಗೋಡೆ ಕಾಣದು. ಎಲ್ಲೋ ಒಂದು ಹಸು ಕೂಗಿದರೆ, ಅದು ಈ ಲೋಕದ್ದೋ ಮೇಲಿನದೋ ಎಂದು ಅನುಮಾನವಾಗುತ್ತಿತ್ತು.

ಲವರ್ನ್ ಗಿಂಗ್ರಿಚ್ ಡಾಕ್ಟರು ದವಾಖಾನೆಯ ಕಿಟಕಿಗೆ ಹಣೆ ಆನಿಸಿ ನಿಂತಿದ್ದರು. ಅವರು ಕಾಲಿನ ಡಾಕ್ಟರು. ಮೂವತ್ತು ವರ್ಷ ಊರಿನವರ ಆಣಿ, ಒಡೆದ ಹಿಮ್ಮಡಿ, ಒಳಗೆ ಬೆಳೆದ ಉಗುರು ನೋಡಿ ನೋಡಿ, ಜನರನ್ನು ಮುಖಕ್ಕಿಂತ ಪಾದದಿಂದಲೇ ಚೆನ್ನಾಗಿ ಗುರುತಿಸುತ್ತಿದ್ದರು. ಗುಡ್ ಫ್ರೈಡೆಯ ಹಿಂದಿನ ಈ ಸಂಜೆ ಚರ್ಚಿನಲ್ಲಿ ಒಬ್ಬರ ಪಾದವನ್ನು ಇನ್ನೊಬ್ಬರು ತೊಳೆಯುವ ಆರಾಧನೆ. ವರ್ಷದಲ್ಲಿ ಆ ಒಂದು ದಿನ ಊರಿಗೆ ಊರೇ ತಮ್ಮ ಕೆಲಸ ಮಾಡುತ್ತದಲ್ಲ ಎಂದು ಅವರಿಗೆ ಮನಸ್ಸಿನಲ್ಲೇ ಸಣ್ಣ ಖುಷಿ.

"ಡಾಕ್ಟ್ರೇ!" ಮುಂದಿನ ಮೇಜಿನಿಂದ ವಿಲ್ಡಾ ಕೂಗಿದಳು. ದವಾಖಾನೆಯ ಲೆಕ್ಕ, ಬೀಗ, ಬೈಗುಳ ಎಲ್ಲ ಅವಳದೇ ಉಸ್ತುವಾರಿ. "ಈ ಕಾಗದ ಸೋಮವಾರನೇ ಬಂದಿದೆ. ನೀವು ಇದರ ಮೇಲೆ ಕಾಫಿ ಲೋಟ ಇಟ್ಕೊಂಡು ಕೂತಿದ್ದೀರಿ!"

ಕಾಗದ ರಾಜ್ಯದ ಪಾದವೈದ್ಯ ಮಂಡಳಿಯದು. ಲೈಸೆನ್ಸ್ ನವೀಕರಣಕ್ಕೆ ಮುಂಚೆ ಔಷಧಿ ಕಪಾಟಿನ ತಪಾಸಣೆಗೆ ಅಧಿಕಾರಿ ಬರುತ್ತಾರೆ. ಗುರುವಾರ. ಕೆಳಗೆ ಒಂದು ನೆನಪೋಲೆ: ಹೋದ ವರ್ಷ ತಾವು ಮಾತ್ರೆಯನ್ನು ಬರಿಯ ಲಕೋಟೆಯಲ್ಲಿ ಕೊಟ್ಟದ್ದಕ್ಕೆ ಎಚ್ಚರಿಕೆ ನೀಡಲಾಗಿದೆ, ಸರಿಯಾದ ಲೇಬಲ್ ಇಲ್ಲದೆ ಇನ್ನೊಮ್ಮೆ ಔಷಧಿ ಕೊಟ್ಟದ್ದು ಕಂಡುಬಂದರೆ, ಔಷಧಿ ಕೊಡುವ ಅನುಮತಿ ಒಂದು ವರ್ಷ ರದ್ದು.

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಔಷಧಿ ಅಂಗಡಿ ಇರುವುದು ನಲವತ್ತು ಮೈಲಿಯಾಚೆ. ಸಕ್ಕರೆ ಕಾಯಿಲೆಯ ಮುದುಕರು ಹಿಮದಲ್ಲಿ ಅಲ್ಲಿಯವರೆಗೆ ಹೋಗುವುದುಂಟೆ?

ವಿಲ್ಡಾ ಕಪಾಟು ತೆಗೆದು ಒಂದೊಂದೇ ಡಬ್ಬಿ ತಿರುಗಿಸಿ ನೋಡಿದಳು. ಹೆಸರು, ತಾರೀಖು, ಹಚ್ಚುವ ಬಗೆ, ಎಲ್ಲ ಇತ್ತು. ಆಮೇಲೆ ಅವಳ ಬೆರಳು ಔಷಧಿ ಕೊಟ್ಟ ಲೆಕ್ಕದ ಪುಸ್ತಕದ ಒಂದು ಸಾಲಿನ ಮೇಲೆ ನಿಂತಿತು.

"ಆರ್ಡಿತ್ ಟೀಚರ್‌ಗೆ ಹಿಮ್ಮಡಿ ಮುಲಾಮು. ಯಾವುದರಲ್ಲಿ ಕೊಟ್ರಿ?"

"ಸೀಸೇಲಿ."

"ಯಾವ ಸೀಸೇಲಿ?"

"ಅವರದ್ದೇ ಸೀಸೇಲಿ," ಎಂದರು ಡಾಕ್ಟರು, ತಪ್ಪು ಮಾಡಿದ ಹುಡುಗನಂತೆ.

ಬೆಥೆಲ್ ಗ್ರೋವಿನಲ್ಲಿ ಪಾತ್ರೆಯನ್ನು ಖಾಲಿ ಹಿಂತಿರುಗಿಸಿದವರಿಲ್ಲ. ಸಾರು ತಂದ ಬಟ್ಟಲು ಮೊಟ್ಟೆ ಹೊತ್ತು ಮರಳಬೇಕು, ಮೊಟ್ಟೆಯ ಬುಟ್ಟಿ ಬೀನ್ಸ್ ಹೊತ್ತು ಮರಳಬೇಕು. ಟೀಚರ್ ಮರಸೇಬಿನ ಜಾಮ್ ಕೊಟ್ಟಿದ್ದರು. ಡಾಕ್ಟರು ತಿಂದು ಮುಗಿಸಿದ್ದರು. ಸೀಸೆಯನ್ನು ಬರಿದೇ ಕೊಡುವುದು ಹೇಗೆ? ಟೀಚರ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರಿದಿತ್ತು, ಮುಲಾಮು ಹೇಗೂ ಕೊಡಬೇಕಿತ್ತು. ತುಂಬಿಸಿ ಕೊಟ್ಟುಬಿಟ್ಟರು. ಸೀಸೆಯ ಮೇಲೆ ಲೇಬಲ್ ಇರಲಿಲ್ಲವೆಂದಲ್ಲ. ಇತ್ತು. ಟೀಚರ ದುಂಡು ಅಕ್ಷರದಲ್ಲಿ 'ಮರಸೇಬಿನ ಜಾಮ್' ಎಂದು.

"ಲೇಬಲ್ ಇಲ್ಲದ್ದಕ್ಕೇ ಒಂದು ವರ್ಷ," ಎಂದಳು ವಿಲ್ಡಾ. "ಸುಳ್ಳು ಲೇಬಲ್‌ಗೆ ಎಷ್ಟೋ! ನಡೀರಿ. ನೀವು ಟೀಚರ್ ಮನೆಗೆ. ಅಷ್ಟರಲ್ಲಿ ಅವರು ಯಾರಿಗಾದ್ರೂ ದಾನ ಮಾಡಿದ್ರೆ? ನಾನು ಇನ್ನೊಂದು ಬೀದಿ ಹಿಡೀತೀನಿ." ಬಾಗಿಲಿಗೆ ಬೀಗ ಬಿತ್ತು.

ಆರ್ಡಿತ್ ಟೀಚರಿಗೆ ಎಂಬತ್ತೆರಡು. ಚರ್ಚಿನ ಭಾನುವಾರದ ಪಾಠಶಾಲೆಯಲ್ಲಿ ಡಾಕ್ಟರಿಗೆ ದೇವರ ಹತ್ತು ಆಜ್ಞೆ ಕಲಿಸಿದವರು.

"ಬಾರೋ ಲವರ್ನ್, ಕೂತ್ಕೋ. ಪೈ ತಿನ್ನು."

"ಟೀಚರ್, ಆ ಸೀಸೆ..."

"ಮೊದಲು ತಿನ್ನು. ಕೊಟ್ಟದ್ದನ್ನ ವಾಪಸ್ ಕೇಳೋಕೆ ಬಂದವನ ಮುಖ ನಿಂದು. ನಾನೇನು ಇದನ್ನ ಕಲಿಸಿದ್ದೆನಾ?"

ಡಾಕ್ಟರು ಎರಡು ತುಂಡು ಪೈ ತಿಂದರು. ಟೀಚರ ಮನೆಯ ಗಡಿಯಾರ ಮಂಜಿನಲ್ಲಿ ದಾರಿ ತಪ್ಪಿದ ಹಸುವಿನ ಗಂಟೆಯಂತೆ ನಿಧಾನವಾಗಿ ಬಾರಿಸುತ್ತಿತ್ತು. ಮೂರನೆಯ ತುಂಡಿನ ಹೊತ್ತಿಗೆ ಉತ್ತರ ಬಂತು.

"ನನಗೆ ಅರ್ಧ ಸಾಕಾಯ್ತು ಕಣೋ. ನೋಡು, ಹಿಮ್ಮಡಿ ಮಗುವಿನ ಕೆನ್ನೆ ಆಗಿದೆ. ಉಳಿದರ್ಧ ಕ್ಷೌರದ ಓರಿಗೆ ಇರಲಿ ಅಂತ ಅವನ ಮೆಟ್ಟಿಲ ಮೇಲೆ ಇಟ್ಟು ಬಂದೆ. ದಿನವಿಡೀ ನಿಂತು ಜನರ ತಲೆ ಕತ್ತರಿಸ್ತಾನೆ, ಪಾಪ."

"ಏನು ಅಂತ ಹೇಳಿದ್ರಾ?"

"ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು."

ಕ್ಷೌರಿಕ ಓರಿ ನಿಸ್ಲಿ ಡಾಕ್ಟರನ್ನು ಕಂಡವನೇ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದ. "ಇನ್‌ಸ್ಪೆಕ್ಟರ್ ಬರ್ತಾರಂತೆ, ವಿಲ್ಡಾ ಹೇಳಿದ್ಲು. ಈ ತಲೆ ಇಟ್ಕೊಂಡು ಅವರ ಮುಂದೆ ನಿಲ್ತೀರಾ?"

"ಓರಿ, ಜಾಮ್ ಸೀಸೆ!"

"ಅಯ್ಯೋ, ಅದರ ಕತೆ ಕೇಳಬೇಡಿ. ಟೀಚರ್ ಕೈರುಚಿ ಕೆಟ್ಟೇ ಹೋಯ್ತು. ಬ್ರೆಡ್ಡಿಗೆ ಹಚ್ಕೊಂಡು ಬಾಯಿಗಿಟ್ರೆ ಬರೀ ಕರ್ಪೂರ!"

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ನುಂಗಿದೆಯಾ?"

"ಉಗಿದೆ. ಆದ್ರೂ ಮಂಗಳವಾರದಿಂದ ತೇಗಿದ್ರೆ ತಣ್ಣಗಿರುತ್ತೆ. ಅಲ್ಲಾಡಬೇಡಿ, ಕಿವಿ ಹೋಗುತ್ತೆ. ಪಾಪ, ವಯಸ್ಸಾದವರ ಮನಸ್ಸು ನೋಯಿಸಬಾರದು ಅಂತ ಅವರಿಗೆ ಹೇಳಲಿಲ್ಲ. ಸ್ವಲ್ಪ ಈ ಕುರ್ಚಿಯ ತಿರುಗಣೆಗೆ ಹಚ್ಚಿದೆ. ನೋಡಿ." ಕುರ್ಚಿಯನ್ನು ಗರಗರ ತಿರುಗಿಸಿದ. "ಹತ್ತು ವರ್ಷದ ಕಿರುಗುಟ್ಟು, ಸದ್ದಿಲ್ಲ! ಉಳಿದದ್ದನ್ನ ಪಾಸ್ಟರ್ ಕೈಗೆ ಕೊಟ್ಟೆ. ದೇವರ ಮನುಷ್ಯ, ರುಚಿ ಗಿಚಿ ನೋಡಲ್ಲ."

ತಲೆ ಸುತ್ತುತ್ತ ಡಾಕ್ಟರು ಹೊರಗೆ ಬಂದಾಗ ಅವರ ಕೂದಲು ಆಗಷ್ಟೇ ಕುಯ್ದ ಗದ್ದೆಯಂತಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಅದರೊಳಗಿಂದ ಒಂದೊಂದೇ ಆಕೃತಿ ಮೂಡಿ ಬಂದು ಕೇಳುತ್ತಿತ್ತು: "ಡಾಕ್ಟ್ರೇ, ಸೀಸೆ ಬೇಕಂತೆ?" ಯಾರ ಸೀಸೆ, ಎಂಥ ಸೀಸೆ ಎಂದು ಯಾರೂ ವಿಚಾರಿಸಲಿಲ್ಲ. ಬೀಟ್‌ರೂಟ್ ಉಪ್ಪಿನಕಾಯಿ ಒಬ್ಬರು, ಜೇನು ಒಬ್ಬರು, ಎಲೆಕೋಸಿನ ಹುಳಿ ಒಬ್ಬರು ಅವರ ತೋಳಿಗೆ ತುರುಕಿದರು. ಮೂರು ಗಂಟೆಗೆ ಪಾಸ್ಟರ್ ಮಿಲ್ಫರ್ಡರ ಬಾಗಿಲು ತಲುಪಿದಾಗ ಡಾಕ್ಟರು ಸಂತೆಯಿಂದ ಮರಳಿದ ಗಾಡಿಯಂತಿದ್ದರು.

"ಜಾಮ್ ಸೀಸೆಯಾ?" ಎಂದರು ಪಾಸ್ಟರ್. "ನನಗೆ ಸಿಹಿ ಆಗಲ್ಲ. ನಿನ್ನೆ ಚರ್ಚ್ ಬಾಗಿಲ ಮೇಜಿನ ಮೇಲೆ ಇಟ್ಟೆ."

ಬೇಕಾದವರು ತೆಗೆದುಕೊಳ್ಳಲಿ, ಉಳ್ಳವರು ಇಡಲಿ ಎಂದು ಚರ್ಚಿನ ಬಾಗಿಲಲ್ಲಿ ಸದಾ ಇರುವ ಮೇಜು ಅದು. ಇಬ್ಬರೂ ಓಡಿದರು. ಮೇಜಿನ ಮೇಲೆ ಒಂದು ಜೊತೆ ಉಣ್ಣೆಯ ಕಾಲುಚೀಲ ಮತ್ತು ಒಂದು ಕುಂಬಳಕಾಯಿ.

"ಮಧ್ಯಾಹ್ನ ಕಂಡಿದ್ದೆನಲ್ಲ!" ಪಾಸ್ಟರ್ ತಲೆ ಕೆರೆದುಕೊಂಡರು. "ಯಾರೋ ಹಸಿದವರ ಪಾಲಾಯ್ತು. ದೇವರಿಗೆ ಸ್ತೋತ್ರ."

ಡಾಕ್ಟರು ಬಗ್ಗಿ ಮೇಜಿನ ಕೆಳಗೂ ನೋಡಿದರು.

ದವಾಖಾನೆಗೆ ಮರಳಿದರೆ ವಿಲ್ಡಾ ಬರಿಗೈಯಲ್ಲಿ ಆಗ ತಾನೇ ಬಂದಿದ್ದಳು. ಇಬ್ಬರೂ ಕೂತು ಕಾದರು. ನಾಲ್ಕಾಯಿತು, ಐದಾಯಿತು. ಯಾರೂ ಬರಲಿಲ್ಲ. "ಈ ಮಂಜಿನಲ್ಲಿ ಯಾವ ಅಧಿಕಾರಿ ಬರ್ತಾನೆ," ಎಂದಳು ವಿಲ್ಡಾ. ಡಾಕ್ಟರ ಎದೆಯ ಮೇಲಿನ ಕಲ್ಲು ಸರಿಯಿತು. ಮಂಜನ್ನು ಕಳಿಸಿದವನಿಗೆ ಮನಸ್ಸಿನಲ್ಲೇ ಕೈಮುಗಿದರು.

ಸಂಜೆ ಚರ್ಚಿನಲ್ಲಿ ದೀಪಗಳು ಹಾಲಿನೊಳಗೆ ಹೊತ್ತಿಸಿದಂತೆ ಮೃದುವಾಗಿ ಉರಿಯುತ್ತಿದ್ದವು. ಜನ ಮೆಲ್ಲನೆ ಹಾಡುತ್ತಿದ್ದರು. ಗಂಡಸರು ಒಂದು ಕೋಣೆಯಲ್ಲಿ ಜೋಡಿ ಜೋಡಿಯಾಗಿ, ನಡುವೆ ಬಿಸಿನೀರಿನ ಬೋಗುಣಿ.

"ಲವರ್ನ್, ಈ ಬ್ರದರ್ ಒಬ್ಬರೇ ಇದ್ದಾರೆ," ಎಂದು ಪಾಸ್ಟರ್ ಒಬ್ಬ ಅಪರಿಚಿತರನ್ನು ಅವರೆದುರು ಕೂರಿಸಿದರು.

ಡಾಕ್ಟರು ಸೊಂಟಕ್ಕೆ ಟವೆಲು ಕಟ್ಟಿ ಮಂಡಿಯೂರಿದರು. ಈ ಪಾದ ಊರಿನದಲ್ಲ. ನೀಳ ಬೆರಳು, ಎತ್ತರದ ಕಮಾನು, ಹಿಮ್ಮಡಿಯಲ್ಲಿ ಬೊಬ್ಬೆ. ಬಿಸಿನೀರು ಸೋಕಿತು. ಕರ್ಪೂರದ ವಾಸನೆ ಎದ್ದಿತು.

"ಹೊಸ ಬೂಟು," ಎಂದು ಆತ ಪಿಸುಗುಟ್ಟಿದರು. "ಊರೆಲ್ಲ ನಡೆದು ಸಾಕಾಗಿ ಇಲ್ಲಿ ಬಂದು ಕೂತೆ. ಹಸಿವಾಗಿತ್ತು. ಮೇಜಿನ ಮೇಲೆ ಜಾಮ್ ಇತ್ತು. ಒಂದು ತುತ್ತು ಬಾಯಿಗಿಟ್ಟ ಮೇಲೆ ತಿಳೀತು, ಇದು ಬಾಯಿಗಲ್ಲ, ಕಾಲಿಗೆ ಅಂತ. ಹಚ್ಕೊಂಡೆ. ಅರ್ಧ ಗಂಟೇಲಿ ಉರಿ ಹೋಯ್ತು."

"ಊರೆಲ್ಲ... ಯಾಕೆ ನಡೆದ್ರಿ?"

"ಇಲ್ಲಿನ ಕಾಲಿನ ಡಾಕ್ಟರನ್ನ ಹುಡುಕಿಕೊಂಡು. ಎರಡು ಸಲ ಹೋದೆ, ಎರಡು ಸಲವೂ ಬೀಗ. ಅವರು ಇದ್ದಿದ್ರೆ ಕಪಾಟು ನೋಡಿ ಹನ್ನೊಂದಕ್ಕೇ ಹೊರಟುಹೋಗ್ತಿದ್ದೆ. ನಾನು ಮಂಡಳಿಯಿಂದ ಬಂದವನು." ಆತ ಬಗ್ಗಿದರು. "ಈ ಮುಲಾಮು ಯಾರದ್ದು ಅಂತ ನಿಮಗೇನಾದ್ರೂ ಗೊತ್ತಾ, ಬ್ರದರ್?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಮನುಷ್ಯನ ಪಾದ ಡಾಕ್ಟರ ಎರಡು ಕೈಗಳ ನಡುವೆ ಇತ್ತು, ಹಕ್ಕಿಯಂತೆ ಬೆಚ್ಚಗೆ, ನಂಬಿ. ಪಾದ ಹಿಡಿದು ಸುಳ್ಳು ಹೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

"ನನ್ನದೇ," ಎಂದರು. ಟೀಚರ ಹಿಮ್ಮಡಿಯಿಂದ ಓರಿಯ ಕುರ್ಚಿಯವರೆಗೆ ಎಲ್ಲ ಒಪ್ಪಿಸಿದರು. "ಈ ಊರಲ್ಲಿ ಸೀಸೆ ಖಾಲಿ ಕೊಡಬಾರದು ಸರ್. ಅದೊಂದೇ ಕಾರಣ."

ಪಾದ ಒರೆಸಿದ ಮೇಲೆ ಆತ ಎದ್ದು, ತಾವೇ ಟವೆಲು ಕಟ್ಟಿ ಮಂಡಿಯೂರಿದರು.

"ಅಯ್ಯೋ, ನೀವು ಬೇಡ ಸರ್."

"ಕೂತ್ಕೊಳ್ಳಿ. ಪದ್ಧತಿ ಅಂದ್ಮೇಲೆ ಪದ್ಧತಿ." ಬಹಳ ನಯವಾಗಿ ತೊಳೆದರು. ನಡುವೆ ಒಮ್ಮೆ ಕೈ ನಿಲ್ಲಿಸಿದರು. "ಡಾಕ್ಟ್ರೇ, ಕಿರುಬೆರಳಲ್ಲಿ ಆಣಿ ಇದೆ. ಯಾರಿಗಾದ್ರೂ ತೋರಿಸ್ಕೊಳ್ಳಿ."

ಇಬ್ಬರೂ ಅಪ್ಪಿಕೊಂಡು ಒಬ್ಬರಿಗೊಬ್ಬರು ಆಶೀರ್ವಾದ ಕೋರಿದರು. ಡಾಕ್ಟರ ಕಣ್ಣು ತುಂಬಿಬಂತು. ಕಾಲು ತೊಳೆದವನು ಕಾಲು ಎಳೆಯುತ್ತಾನೆಯೆ?

ಹೊರಗೆ ಮಂಜು ಎದ್ದುಹೋಗಿತ್ತು. ಕಣಜ, ಚರ್ಚು, ಬೇಲಿ ಎಲ್ಲವೂ ಆಗ ತಾನೇ ಬರೆದಿಟ್ಟಂತೆ ಸ್ಪಷ್ಟವಾಗಿ ನಿಂತಿದ್ದವು. ಅಧಿಕಾರಿ ಕಾರಿನ ಬಳಿ ಬೆಳಕಿನಲ್ಲಿ ಬಗ್ಗಿ ಏನೋ ಬರೆದು, ಏನೋ ಅಂಟಿಸಿ, ಕುಂಟದೆ ಮೆಟ್ಟಿಲವರೆಗೆ ಮರಳಿ ಬಂದರು.

"ಮುಲಾಮು ಬಹಳ ಚೆನ್ನಾಗಿದೆ," ಎಂದರು.

ಕೈಯಲ್ಲಿ ಸೀಸೆ ಇತ್ತು, ತೊಳೆದು ಒರೆಸಿದ್ದು. ಟೀಚರ ಅಕ್ಷರದ ಜಾಗದಲ್ಲಿ ಅಚ್ಚುಕಟ್ಟಾದ ಹೊಸ ಲೇಬಲ್. ಒಳಗಿರುವುದು: ಅನುಮತಿ ರದ್ದಿನ ನೋಟೀಸು. ಯಾರಿಗೆ: ಲವರ್ನ್ ಗಿಂಗ್ರಿಚ್. ತಾರೀಖು: ಇಂದಿನದು. ಎಷ್ಟು ಕಾಲ: ಒಂದು ವರ್ಷ. ಗಾಜಿನಾಚೆ, ನಾಲ್ಕು ಮಡಿಕೆಯ ಬಿಳಿ ಕಾಗದ ಬೆಚ್ಚಗೆ ಕೂತಿತ್ತು.

ಆತ ಅದನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಕೈಗೆ ಒಪ್ಪಿಸಿದರು.

"ಖಾಲಿ ಕೊಡಬಾರದು ಅಂದ್ರಲ್ಲ."