ನಗು ಬರುವ ಜಾಗ

ಐವತ್ತೊಂದರ ಟೈಲರಿಗೆ ಪ್ರೀತಿ ಹುಟ್ಟಿದ್ದು ತಪ್ಪಲ್ಲ. ತಪ್ಪೆಲ್ಲ ಅವನ ಬಾಯಿಯದು. ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ, ಅವನಂತೆಯೇ ಒಂಟಿ ಜೀವ, ಬಿಳಿ ಕೋಟು ಹೊಲಿಸಲೆಂದು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಗಾಬರಿಯಲ್ಲಿ ನಾಲ್ಕು ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡುಬಿಡುತ್ತಿದ್ದ. ಆಮೇಲೆ "ಹ್ಞೂಂ", "ಊಹ್ಞೂಂ" ಬಿಟ್ಟರೆ ಬೇರೆ ಮಾತಿಲ್ಲ. (ಊರವರ ಬಾಯನ್ನೆಲ್ಲ ತೆರೆಸುವ ಹೆಂಗಸಿಗೆ ಇವನೊಬ್ಬನ ಬಾಯಿ ತೆರೆಸಲಾಗಲಿಲ್ಲ.)

"ಡಾಕ್ಟರಮ್ಮ ಬೇರೆ ಊರಲ್ಲಿ ಕ್ಲಿನಿಕ್ಕಿಗೆ ಜಾಗ ನೋಡ್ತಿದಾರಂತೆ," ಎಂದಳು ಅಕ್ಕ ಒಂದು ಬೆಳಿಗ್ಗೆ, ಲೋಟ ಕುಕ್ಕುತ್ತ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಅಡುಗೆಮನೆಯಿಂದಲೇ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ಆಕೆ. "ಇನ್ನೂ ಎಷ್ಟು ದಿನ ಪಿನ್ನು ಕಚ್ಕೊಂಡು ನಿಂತಿರ್ತೀಯೋ?"

"ಬೇಡ ಅಂದ್ಬಿಟ್ರೆ, ಅಕ್ಕಾ?"

"ಈಗೇನು ಬೇಕು ಅಂದಿದಾರಾ?"

ಮಾತು ನಾಟಿತು. ಸಂಜೆ ತಲೆ ತಣ್ಣಗಾಗಲೆಂದು ಪಕ್ಕದ ಬೀದಿಯ ಟಾಕೀಸಿಗೆ ಹೋದ. ಅಲ್ಲಿ ನಡೆಯುತ್ತಿದ್ದುದು ಅವನಿಗೇ ಅಳತೆ ತೆಗೆದು ಹೊಲಿದಂಥ ಸಿನಿಮಾ! ನಾಯಕನ ಕೂದಲು ಅರ್ಧ ಖಾಲಿ, ನಾಯಕಿಗೆ ಓದುವ ಕನ್ನಡಕ. ಮರ ಸುತ್ತುವ ಹಾಡಿಲ್ಲ. ಸುತ್ತಿದರೆ ಇಬ್ಬರಿಗೂ ತಲೆಸುತ್ತು ಬರುವ ವಯಸ್ಸು. ನಾಯಕ ಮಂಡಿಯೂರಿ ಮದುವೆಯ ಮಾತೆತ್ತುತ್ತಾನೆ, ಮೇಲೇಳಲು ಆಗುವುದಿಲ್ಲ. ನಾಯಕಿ ಅವನನ್ನು ಎಬ್ಬಿಸುವುದೂ ಇಲ್ಲ, ಹಾಸ್ಯ ಮಾಡುವುದೂ ಇಲ್ಲ. ತಾನೂ ಅವನ ಪಕ್ಕ ನೆಲದ ಮೇಲೆ ಕೂತುಬಿಡುತ್ತಾಳೆ. ಎಂಥ ಸಿನಿಮಾ! ತೆಗೆದ ಪುಣ್ಯಾತ್ಮನಿಗೆ ಕೈ ಮುಗಿಯಬೇಕೆನಿಸಿತು ಟೈಲರಿಗೆ. ಮತ್ತೆರಡು ಸಲ ನೋಡಿದ, ಎರಡು ಸಲವೂ ಕಣ್ಣೊರೆಸಿಕೊಂಡ.

ಕೊನೆಯ ಸಲ ನೋಡುವಾಗ ಒಂದು ಮಹೋಪಾಯ ಹೊಳೆಯಿತು. ನಾಯಕ ಏಳಲಾಗದೆ ಒದ್ದಾಡುವಾಗ ಇಡೀ ಟಾಕೀಸು ಬಿದ್ದು ಬಿದ್ದು ನಗುತ್ತದೆ. ಆ ಗದ್ದಲದಲ್ಲಿ ಕೂಗಿ ಕೇಳಿದರೂ ಪಕ್ಕದ ಸೀಟಿಗಷ್ಟೇ ಕೇಳಿಸೀತು. ಬೇಡವೆಂದರೂ ಮಾನ ಮನೆಗೆ ಮರಳುತ್ತದೆ. ಅವರಿಗೆಂದು ಹೊಲಿದ ಹೊಸ ಬಿಳಿ ಕೋಟಿನ ಜೇಬಿನಲ್ಲಿ ಮಧ್ಯಾಹ್ನದ ಆಟದ ಟಿಕೆಟ್ ಇಟ್ಟು ಕಳಿಸಿದ. ಡಾಕ್ಟರಮ್ಮ ಬಂದೇಬಿಟ್ಟರು!

ಅವರನ್ನು ಬಿಟ್ಟು ಬೇರೇನೂ ಕಣ್ಣಿಗೆ ಬೀಳದ ಟೈಲರು ಬಾಗಿಲ ಬಳಿಯ ಬೋರ್ಡು ಓದಲಿಲ್ಲ. ಮಧ್ಯಾಹ್ನದ ಆಟಕ್ಕೆ ಹಿರಿಯರಿಗೆ ರಿಯಾಯಿತಿ. ಟಾಕೀಸಿನ ತುಂಬ ಅಜ್ಜ ಅಜ್ಜಿಯರು.

ನಾಯಕ ಮಂಡಿಯೂರಿದ. ಮಂಡಿ ಹಿಡಿದುಕೊಂಡಿತು. ಇಗೋ, ನಗು ಬರುವ ಜಾಗ! ಬರಲಿರುವ ಗದ್ದಲವನ್ನು ಮೀರಿಸುವಂತೆ ಟೈಲರು ಗಂಟಲು ಹರಿಯುವಷ್ಟು ಜೋರಾಗಿ ಕೂಗಿದ: "ನನ್ನನ್ನ ಮದುವೆ ಆಗ್ತೀರಾ?"

ಯಾರೂ ನಕ್ಕಿರಲಿಲ್ಲ. ಮಂಡಿನೋವು ಏನೆಂದು ಬಲ್ಲ ಅಷ್ಟೂ ಜನ, ಅಯ್ಯೋ ಪಾಪ, ಎಂದು ಉಸಿರು ಬಿಗಿಹಿಡಿದು ಕೂತಿದ್ದರು. ಆ ನಿಶ್ಶಬ್ದದಲ್ಲಿ ಟೈಲರ ಕೂಗು ಗೋಡೆಗೆ ಬಡಿದು ವಾಪಸ್ಸು ಬಂತು. ತಲೆಗಳೆಲ್ಲ ಪರದೆ ಬಿಟ್ಟು ಇವನತ್ತ ತಿರುಗಿದವು.

"ಏನಂದ್ರೀ? ನನಗೆ ಕೇಳಿಸ್ಲಿಲ್ಲ," ಎಂದರು ಮುಂದಿನ ಸಾಲಿನ ಅಜ್ಜಿ, ಕಿವಿಗೆ ಕೈ ಆನಿಸಿ.

ಡಾಕ್ಟರಮ್ಮ ನೆಟ್ಟಗೆ ಕೂತರು. ಕತ್ತಲಲ್ಲಿ ಮುಖ ಕಾಣಲಿಲ್ಲ. "ಪಾಪ, ಹಿರಿಯರು ಕೇಳ್ತಿದಾರೆ. ಇನ್ನೊಂದ್ಸಲ ಹೇಳಿ."

ಭೂಮಿ ಬಾಯಿ ಬಿಡಲಿಲ್ಲ. ಕೊನೆಗೆ ಟೈಲರೇ ಬಿಡಬೇಕಾಯಿತು. ಎದ್ದು ನಿಂತು, ಕಣ್ಣು ಮುಚ್ಚಿ, ಕೂಗಿದ: "ನನ್ನನ್ನ ಮದುವೆ ಆಗ್ತೀರಾ ಅಂದೆ, ಅಜ್ಜೀ!"

"ಅಯ್ಯೋ, ನಮ್ಮ ಯಜಮಾನ್ರು ಪಕ್ಕದಲ್ಲೇ ಇದಾರೆ ಕಣಪ್ಪಾ!"

ಈಗ ಬಂತು ನಗು. ಹಲ್ಲಿದ್ದವರು, ಹಲ್ಲಿಲ್ಲದವರು, ಟಾರ್ಚು ಹಿಡಿದ ಗೇಟ್‌ಕೀಪರು, ಎಲ್ಲರೂ ನಕ್ಕರು. ಟೈಲರು ಮಾತ್ರ ಕೂರುವುದನ್ನೂ ಮರೆತು ಕಂಬದಂತೆ ನಿಂತೇ ಇದ್ದ. ಯಾರೋ ಅವನ ಅಂಗಿಯ ತೋಳು ಜಗ್ಗಿದರು.

"ನಾನು ಆಗ್ತೀನಿ," ಎಂದರು ಡಾಕ್ಟರಮ್ಮ. "ಕೂತ್ಕೊಳ್ಳಿ, ಹಿಂದಿನವರಿಗೆ ಸಿನಿಮಾ ಕಾಣಿಸ್ತಿಲ್ಲ."