ತೆಂಗಿನೆಣ್ಣೆ ಹಚ್ಚಿಸಿಕೊಂಡ ಟ್ರಾಕ್ಟರು

ಕಣ್ಣೆದುರು ನಡೆದದ್ದನ್ನು ನಂಬಲಾಗದೆ ಬಾಯಿ ತೆರೆದು ನಿಲ್ಲುವುದು ವರ್ಷಕ್ಕೊಮ್ಮೆ ಆದರೆ ಸರಿ. ಈ ಟ್ರಾಕ್ಟರು ಬಂದ ಮೇಲೆ ನನಗೆ ಬಾಯಿ ಮುಚ್ಚಲು ಪುರುಸೊತ್ತೇ ಇಲ್ಲ.

ವಡೋದರಾದಿಂದ ಕೊಯಾಲಿಗೆ ಹೋಗುವ ರಸ್ತೆಯಲ್ಲಿ ನನ್ನ ಉಡುಪಿ ಹೋಟೆಲು. ಹಿಂದೆ ಮದುವೆಗಳಿಗೆ ಬಾಡಿಗೆ ಕೊಡುವ ಹುಲ್ಲಿನ ಅಂಗಳ. ಇಲ್ಲಿಯವರು ಪಾರ್ಟಿ ಪ್ಲಾಟ್ ಅನ್ನುತ್ತಾರೆ. ಹುಲ್ಲು ಕತ್ತರಿಸಲು, ಮೇಲೆ ಕೂತು ಓಡಿಸುವ ಪುಟ್ಟ ಟ್ರಾಕ್ಟರು ಕೊಂಡೆ. ಚಳಿಗಾಲದಲ್ಲಿ ಹುಲ್ಲು ಬೆಳೆಯುವುದಿಲ್ಲ, ಆಗ ಅದನ್ನು ಸರ್ವಿಸ್ ಮಾಡಿ ಎತ್ತಿಡಬೇಕು. ನಾನೇ ಮಾಡುತ್ತೇನೆ ಅಂದೆ. ಟ್ರಾಕ್ಟರು ಮಾರಿದ ಅಂಗಡಿಯ ಸರ್ವಿಸಿನವನು ನಕ್ಕ.

"ಬೆನ್, ಇದು ಹಿಟ್ಟು ರುಬ್ಬುವ ಯಂತ್ರ ಅಲ್ಲ. ಉತ್ತರಾಯಣ ಕಳೆದ ಮೇಲೆ ಬರುತ್ತೇನೆ. ಸ್ಟಾರ್ಟ್ ಆಗದಿದ್ದರೆ ನನಗೇ ಮಾರಿಬಿಡಿ."

ಗುಜರಾತಿಯಲ್ಲಿ ಬೆನ್ ಅಂದರೆ ಅಕ್ಕ, ಉತ್ತರಾಯಣ ಅಂದರೆ ನಮ್ಮ ಸಂಕ್ರಾಂತಿ. ಗಿರಾಕಿಗಳೆಲ್ಲ ಕೇಳುವ ಹಾಗೆ ಅಂದ. ನಾನೂ ಎಲ್ಲರೂ ಕೇಳುವ ಹಾಗೆಯೇ ಆಗಲಿ ಅಂದೆ. ಪಾತ್ರೆ ತೊಳೆಯುವ ಕೆಲಸದಿಂದ ಶುರುಮಾಡಿ ಹೋಟೆಲು ಕಟ್ಟಿದವಳು ನಾನು. ಪೊಟ್ಟಣ ಕಟ್ಟಿದ ಕಾಗದಗಳನ್ನು ಬಿಡಿಸಿ ಬಿಡಿಸಿ ಓದು ಕಲಿತವಳು. ಟ್ರಾಕ್ಟರಿನ ಜೊತೆ ಬಂದ ಪುಸ್ತಕಕ್ಕೆ ಹೆದರುತ್ತೇನೆಯೇ?

ಸಟ್ಟುಗ

ಬ್ಲೇಡಿನ ಗೂಡಿನೊಳಗೆ ಅಂಟಿದ ಹುಲ್ಲನ್ನು ಕೆರೆದು ತೆಗೆಯಿರಿ ಎಂದಿತ್ತು ಪುಸ್ತಕ. ಬ್ಯಾಟರಿ ಬಿಚ್ಚಿಟ್ಟು, ಟ್ರಾಕ್ಟರಿನ ಮೂತಿ ಎತ್ತಿ, ದಿಮ್ಮಿ ಕೊಟ್ಟು ಬಗ್ಗಿ ನೋಡಿದೆ. ಹುಲ್ಲು ಬೆರಣಿ ತಟ್ಟಿದ ಹಾಗೆ ಕೂತಿತ್ತು. ಅಡುಗೆಮನೆಯ ಹಳೆಯ ಸಟ್ಟುಗ ತಂದು ಕೆರೆದು, ತೊಳೆಯಲೆಂದು ನಲ್ಲಿಯ ಹತ್ತಿರ ಇಟ್ಟೆ.

ಕೈ ತೊಳೆದು ಒಳಗೆ ಬಂದರೆ, ಬೈಂದೂರು ಕಡೆಯ ನಮ್ಮ ಅಡುಗೆಭಟ್ಟರು ಅದೇ ಸಟ್ಟುಗದಲ್ಲಿ ದೋಸೆ ಮಗುಚುತ್ತಿದ್ದಾರೆ. ಒಂದು ಆಗಲೇ ಗಿರಾಕಿಯ ಮೇಜಿಗೆ ಹೋಗಿದೆ, ಅಂಚಿಗೆಲ್ಲ ಹಸಿರು. ಓಡಿಹೋಗಿ ತಟ್ಟೆಗೆ ಕೈ ಹಾಕಿದೆ. ಗಿರಾಕಿ ತಟ್ಟೆ ಬಿಡಲಿಲ್ಲ. ಕೊತ್ತಂಬರಿಗಿಂತ ಇದೇ ಚೆನ್ನಾಗಿದೆ, ಇನ್ನೊಂದು ಬರಲಿ ಅಂದ.

ಈಗಲೂ ಬಂದಾಗಲೆಲ್ಲ ಆ ಹಸಿರು ದೋಸೆ ಕೇಳುತ್ತಾನೆ. ಅದರ ಸೀಸನ್ ಮುಗಿಯಿತು ಅನ್ನುತ್ತೇನೆ.

ಬೈರಾಸು

ಪುಸ್ತಕದ ಪ್ರಕಾರ ಪೆಟ್ರೋಲ್ ಖಾಲಿ ಮಾಡಿದೆ. ಇಲಿ ಹೊಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಬೇಕಿತ್ತು. ಹಗ್ಗದ ಮೇಲೊಂದು ಒರೆಸುವ ಬಟ್ಟೆ ಸಿಕ್ಕಿತು, ತುರುಕಿದೆ.

ಅಂದೇ ಭಟ್ಟರ ಬೈರಾಸು ಕಾಣೆಯಾಯಿತು. ಊರಿಂದ ತಂದ ಟವೆಲು, ಹೆಗಲ ಮೇಲೆ ಅದಿಲ್ಲದಿದ್ದರೆ ಭಟ್ಟರಿಗೆ ಸಾರು ಸರಿಹೋಗುವುದಿಲ್ಲ. ದಿನಾ ಬಾಗಿಲಿಗೆ ಬರುವ ಹಸುವೇ ತಿಂದಿದೆ ಎಂದು ತೀರ್ಮಾನಿಸಿ, ಅದರ ಸಗಣಿಯನ್ನು ಕೋಲಿನಿಂದ ಕೆದಕಿ ನೂಲು ಹುಡುಕಿದರು. ನನಗಂತೂ ಏನೂ ಹೊಳೆಯಲಿಲ್ಲ. ನಾನು ತುರುಕಿದ್ದು ಒರೆಸುವ ಬಟ್ಟೆ, ಅವರು ಹುಡುಕುತ್ತಿದ್ದದ್ದು ಬೈರಾಸು.

ಭಟ್ಟರು ಹಸುವಿಗೆ ರೊಟ್ಟಿ ನಿಲ್ಲಿಸಿದರು. ಹಸು ಎದುರಿನ ಢಾಬಾಕ್ಕೆ ಹೋಯಿತು. ಬೆಳಿಗ್ಗೆ ಅದಕ್ಕೆ ರೊಟ್ಟಿ ತಿನ್ನಿಸಿ ಪುಣ್ಯ ಕಟ್ಟಿಕೊಂಡು ಆಮೇಲೆ ನಮ್ಮಲ್ಲಿ ಚಹಾ ಕುಡಿಯುತ್ತಿದ್ದ ಗಿರಾಕಿಗಳೂ ಅದರ ಹಿಂದೆಯೇ ಹೋದರು.

ಎಣ್ಣೆ

ಕೊನೆಗೆ ಕೀಲುಗಳಿಗೆ ಎಣ್ಣೆ. ಪುಸ್ತಕ ಹೇಳಿದ ಎಣ್ಣೆ ಹತ್ತಿರದ ಅಂಗಡಿಯಲ್ಲಿ ಇರಲಿಲ್ಲ. "ಎಂತಕ್ಕೆ ಹುಡುಕುದಮ್ಮ, ಊರಿನ ತೆಂಗಿನೆಣ್ಣೆ ಇತ್ತಲ್ಲ" ಅಂದರು ಭಟ್ಟರು. ತಲೆಗೆ, ಮೈಗೆ, ಕಿರುಗುಟ್ಟುವ ಬಾಗಿಲಿಗೆ ಅದನ್ನೇ ಹಚ್ಚಿ ಬೆಳೆದವರು ನಾವು. ಪೆಡಲು, ಲಿವರು, ಸ್ಟೇರಿಂಗಿನ ಕೀಲು ಎಲ್ಲಕ್ಕೂ ಬಾಣಂತಿಗೆ ತಿಕ್ಕಿದ ಹಾಗೆ ತಿಕ್ಕಿದೆ.

ಉತ್ತರಾಯಣ ಕಳೆದ ಮುಂಜಾನೆ ಸರ್ವಿಸಿನವನು ಬಂದ. ಒಬ್ಬನೇ ಅಲ್ಲ, ಸಾಗಿಸಲು ಟೆಂಪೋ ಸಮೇತ. ಉಳಿದಿದ್ದ ಗಿರಾಕಿಗಳು ಚಹಾ ಹಿಡಿದುಕೊಂಡೇ ಹಿಂದಿನ ಅಂಗಳಕ್ಕೆ ಬಂದರು. ನಾನು ಹತ್ತಿ ಕೂತೆ. ಪೆಡಲು ಇಳಿಯಲಿಲ್ಲ, ಲಿವರು ಅಲುಗಲಿಲ್ಲ, ಸ್ಟೇರಿಂಗು ಕಲ್ಲಾಗಿತ್ತು. ಅವನು ಬಗ್ಗಿ, ಕೀಲಿನಿಂದ ಬೆಳ್ಳಗಿನ ಗಟ್ಟಿ ಗಡ್ಡೆಯೊಂದನ್ನು ಉಗುರಿನಲ್ಲಿ ಕಿತ್ತು ಮೂಸಿದ. "ಬೆನ್, ಟ್ರಾಕ್ಟರಿಗೆ ಬರ್ಫಿ ಯಾಕೆ ತಿನ್ನಿಸಿದಿರಿ?"

ನಮ್ಮ ಕಡಲತೀರದಲ್ಲಿ ಈ ಎಣ್ಣೆ ಹೀಗೆ ಕಲ್ಲಾದದ್ದನ್ನು ನಾನು ಕಂಡವಳಲ್ಲ. ಈಗಲೂ ಹೇಳುತ್ತೇನೆ, ತಪ್ಪು ಎಣ್ಣೆಯದಲ್ಲ, ಇಲ್ಲಿಯ ಚಳಿಯದು.

ಟೆಂಪೋದವನು ಹಗ್ಗ ಬಿಚ್ಚತೊಡಗಿದ. "ಭಟ್ಟರೇ, ಇಡ್ಲಿ ಅಟ್ಟ ತನ್ನಿ" ಅಂದೆ. ಒಲೆಯಿಂದ ಇಳಿಸಿದ, ಇಡ್ಲಿ ತುಂಬಿ ಹಬೆಯಾಡುವ ಅಟ್ಟದ ಪಾತ್ರೆಯನ್ನು ಟ್ರಾಕ್ಟರಿನ ಅಡಿಗೇ ಇಟ್ಟರು. ಬಿಸಿನೀರಲ್ಲಿ ಹಿಂಡಿದ ಬಟ್ಟೆಗಳನ್ನು ನಾನು ಕೀಲುಗಳಿಗೆ ಸುತ್ತಿದೆ. ಎಣ್ಣೆ ತೊಟ್ಟಿಕ್ಕಿತು. ಪೆಡಲು ಇಳಿಯಿತು. ಅಟ್ಟ ಆಚೆ ಸರಿಸಿ, ಬ್ಯಾಟರಿ ಕೂರಿಸಿ, ಹೊಸ ಪೆಟ್ರೋಲ್ ಹಾಕಿ, ದೇವರನ್ನು ನೆನೆದು ಕೀಲಿ ತಿರುಗಿಸಿದೆ.

ಢಂ ಎಂದಿತು. ಸೈಲೆನ್ಸರಿನಿಂದ ಮಸಿ ಹಿಡಿದ ಉದ್ದನೆಯ ಬಟ್ಟೆಯೊಂದು ಹಾರಿ, ಹಿಂದೆ ನಿಂತಿದ್ದ ಸರ್ವಿಸಿನವನ ಹೆಗಲ ಮೇಲೆ ಒಪ್ಪವಾಗಿ ಕೂತಿತು. ಟ್ರಾಕ್ಟರು ಗುರುಗುಟ್ಟುತ್ತ ನಿಂತಿತು. ಭಟ್ಟರು ಅವನ ಹತ್ತಿರ ಹೋಗಿ, ಬಟ್ಟೆಯ ಅಂಚು ಹಿಡಿದು ನೋಡಿ, "ಪಾಪ, ಆ ಹಸು" ಅಂದರು.

ಸರ್ವಿಸಿನವನು ಸೋತೆ ಅನ್ನಲಿಲ್ಲ. ಟೆಂಪೋದವನಿಗೆ ಹಗ್ಗ ಸುತ್ತಿಡು ಎಂದು ಕೈಸನ್ನೆ ಮಾಡಿದ. ಹೆಗಲ ಮೇಲೆ ಬೈರಾಸು ಇದ್ದ ಹಾಗೆಯೇ ಅಟ್ಟದ ಮುಚ್ಚಳ ಎತ್ತಿ ಇಣುಕಿದ.

"ಬೆನ್, ಸರ್ವಿಸ್ ಚೆನ್ನಾಗಿ ಬೆಂದಿದೆ. ಚಟ್ನಿ ತರಿಸಿ."