ಕಂಪ್ಯೂಟರ್ ಕಟ್ಟಿದ ಹಲ್ಲು, ಕೊರೆದ ನೆರಿಗಿ

ಸುಮ್ಮ ಕುಂತರೂ ಫಜೀತಿ ನನ್ನ ಮನಿ ಪತ್ತಾ ಕೇಳ್ಕೋತ ಬರ್ತೈತಿ. ಅದರಾಗ ನಾನು ಸುಮ್ಮ ಕುಂದ್ರೂ ಪೈಕಿನೂ ಅಲ್ಲ. ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತೀನಿ. ಬಿಡುವಿನ್ಯಾಗ ಒಂದು ಸಾಫ್ಟ್‌ವೇರ್ ಮಾಡಿದೆ. ದೊಡ್ಡ ಫೋಟೋನ ಹಿಂಡಿ ಚಿಟಿಕಿಯಷ್ಟು ಮಾಡಿ ಕಳಸ್ತೈತಿ. ಆ ಕಡೆ ತಗದಾಗ, ಹಿಂಡೂವಾಗ ಹ್ವಾದದ್ದನ್ನೆಲ್ಲಾ ತಾನ ಅಂದಾಜಿನ ಮ್ಯಾಲೆ ಬರದು ತುಂಬತೈತಿ, ನೋಡಿದವರು ಖರೇ ಅನ್ನೂವಂಗ. ಆ ಅಂದಾಜು ಕಡೀಕ ನನ್ನ ಮದಿವಿಗೇ ಗಂಟು ಬಿತ್ತು.

೧. ಅವ್ವನ ಹಲ್ಲು

ಮೊದಲ ಪರೀಕ್ಷಾ ಹಿಂದವಾಡಿಯ ನಮ್ಮ ಮನ್ಯಾಗ, ಅವ್ವನ ಫೋಟೋದ ಮ್ಯಾಲೆ. ಅವ್ವಗ ಮುಂದಿನ ಹಲ್ಲು ಇಲ್ಲ, ಕಟ್ಟಿಸ್ಕೋ ಅಂದ್ರ ಕೇಳಂಗಿಲ್ಲ. ಹಿಂಡಿದ ಫೋಟೋ ಹೊಳ್ಳಿ ತಗದು ನೋಡಿದ್ರ ಬಾಯಿ ತುಂಬ ಹಲ್ಲು. ನಾನು ತಲಿ ಮ್ಯಾಲೆ ಕೈ ಹೊತ್ತು ಕುಂತೆ. ಅವ್ವ ಮಾತ್ರ ಹೊಳ್ಳಿ ಹೊಳ್ಳಿ ನೋಡಿ, "ಇನ್ನ ಡಾಕ್ಟರ್ ಕಡೆ ಹೋಗೂಣು ಅನಬ್ಯಾಡ. ನೀನ ಕಟ್ಟಿಸಿದ್ಯಲ್ಲಪಾ" ಅಂದ್ಲು.

೨. ಚಾಚಾನ ಬೋರ್ಡು

ಬಾಜು ಮನಿ ಚಾಚಾಂದು ಟಿಳಕವಾಡ್ಯಾಗ ಟೇಲರ್ ಅಂಗಡಿ. "ನಮ್ಮ ಅಂಗಡಿ ಫೋಟೋ ಸಣ್ಣದು ಮಾಡಿ ಕೊಡೋ ಬೇಟಾ, ಗಿರಾಕಿಗೋಳಿಗೆ ಕಳಸ್ತೀನಿ" ಅಂದ್ರು. ಮಾಡಿಕೊಟ್ಟೆ. ಗ್ವಾಡಿ, ಮಶಿನ್ ಎಲ್ಲಾ ಝಗಝಗ. ಬೋರ್ಡಿನ ಅಕ್ಷರ ಅಷ್ಟ ಕಂಪ್ಯೂಟರ್ ತಾನ ಹುಟ್ಟಿಸಿತ್ತು, ಯಾವ ಭಾಷಾದಾಗೂ ಇಲ್ಲದವು. ಕನ್ನಡದವ್ರು ಮರಾಠಿ ಅಂದ್ರು, ಮರಾಠಿಯವ್ರು ಕನ್ನಡ ಅಂದ್ರು. ನಾನು ಮಾಫಿ ಕೇಳಾಕ ಹ್ವಾದ್ರ ಚಾಚಾ ಚಹಾ ತರಿಸಿದ್ರು.

"ಇರಲಿ ಬಿಡು. ಈ ಊರಾಗ ಬೋರ್ಡು ಕನ್ನಡದಾಗಿರಬೇಕೋ ಮರಾಠಿದಾಗಿರಬೇಕೋ ಅಂತ ಯಾರೂ ಜಗಳಾ ತಗೀದ ಅಂಗಡಿ ನಂದೊಂದ."

೩. ನನ್ನ ಹಣಿ

ಖಾನಾಪುರದಾಗ ಒಂದು ಕನ್ಯಾ ಇತ್ತು. ಫೋಟೋ ನೋಡೇ ನನಗ ಬಾಳ ಮನಸ್ಸಾಗಿತ್ತು. ಇದು ತಪ್ಪಿದ್ರ ಹೆಂಗಪಾ ಅಂತ ಊಟ ಸೇರವಲ್ದು. ಅವರಲ್ಲಿ ನೆಟ್‌ವರ್ಕ್ ಕಮ್ಮಿ, ದೊಡ್ಡ ಫೋಟೋ ಹೋಗಂಗಿಲ್ಲ. ಶಾಣ್ಯಾ ನಾನು, ಅವರ ಫೋನಿಗೂ ನನ್ನ ಸಾಫ್ಟ್‌ವೇರ್ ಹಾಕಿಸಿ ಅದರಾಗ ನನ್ನ ಫೋಟೋ ಕಳಸಿದೆ. ಹಣಿಮ್ಯಾಲೆ ಮೂರು ಗೆರಿ ವಿಭೂತಿ ಹಚ್ಚಿದ್ದೆ. ಅದು ವಿಭೂತಿ ಅಳಸಿ, ಅಲ್ಲೇ ಮೂರು ನೆರಿಗಿ ಕೊರದಿಟ್ಟಿತ್ತು.

ಹುಡುಗಿ ಅಪ್ಪನ ಫೋನ್ ಬಂತು: "ನಿಮ್ಮ ತಂದೆಯವರ ಫೋಟೋ ಮುಟ್ಟಿತ್ರಿ. ಹುಡುಗಂದು ಕಳಸ್ರಿ."

ಅವ್ವನ್ನ ಕರಕೊಂಡು ಖಾನಾಪುರಕ್ಕ ಓಡಿದೆ. ಮುಂದಿಟ್ಟ ಉಪ್ಪಿಟ್ಟು ಆರೂತನಕ ಹಿಂಡೂದು, ತುಂಬೂದು, ವಿಭೂತಿ, ನೆರಿಗಿ ಎಲ್ಲಾ ಬಿಡಿಸಿ ಹೇಳಿದೆ. ಹುಡುಗಿ ಅಪ್ಪ ಒಮ್ಮೆ ಫೋಟೋ, ಒಮ್ಮೆ ನನ್ನ ಹಣಿ ನೋಡಿದ್ರು. ಮುಗೀತು ಅನಕೊಂಡೆ, ಅಳೂದೊಂದು ಬಾಕಿ ಇತ್ತು.

ಅಷ್ಟರಾಗ ಹುಡುಗಿ ಅಪ್ಪಗ ಹೇಳಿದ್ಲು: "ಉಳದ ವರಗೋಳು ಈಗಿನ ಮಾರಿ ಅಷ್ಟ ತೋರಿಸಿದ್ರು. ಇವರು ವಯಸ್ಸಾದ ಮ್ಯಾಲಿಂದೂ ಮುಚ್ಚಿಡದ ತೋರಿಸ್ಯಾರ. ನನಗ ಒಪ್ಪಿಗಿ ಐತಿ."

ಮದಿವಿ ಆತು. ನೆರಿಗಿಗೋಳು ವಯಸ್ಸಾಗೂತನಕ ಕಾಯಲಿಲ್ಲ.